ಕ್ರೀಡಾ ಕೋಟಾ

ಅಪ್ಪ ನಾಗಮಂಗಲದ ಬಸ್ಸು ಹತ್ತದಂತೆ ತಡೆಯಲು ಸಹನಳಿಗೆ ಉಳಿದಿದ್ದು ಐದೇ ನಿಮಿಷ.

ಕಿಕ್ಕೇರಿಯಿಂದ ಕೆ.ಆರ್. ಪೇಟೆಯವರೆಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದಿದ್ದರು. ಅವಳ ಪಿಯು ಕಾಲೇಜು ಇಲ್ಲೇ. ಅಪ್ಪ ಮಹದೇವಸ್ವಾಮಿ ಮುಂದಕ್ಕೆ ಹೋಗಬೇಕು. ಅವರ ಕಂಕುಳಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಮಗಳ ಖೋ ಖೋ ಸರ್ಟಿಫಿಕೇಟುಗಳು.

“ಫೋನ್ ಮಾಡಿ ಕೇಳಿದ್ರೆ ಆಗಲ್ವಾ ಅಪ್ಪ? ಡೈರಿ ಕೆಲ್ಸ ಬುಟ್ಟು ಅಷ್ಟು ದೂರ ಯಾಕೋಯ್ತೀಯ?”

“ಮಿಷನ್‌ಗೆ ಆಕ್ದೆ ಯಾರ ಆಲ್ನೂ ನಾನು ಬರ್ಕೊಳಲ್ಲ ಕಣವ್ವ. ಇದೂ ಅಂಗೇಯ.”

ಅಲ್ಲಿಗೆ ಮಾತು ಮುಗಿಯಿತು. ಹದಿನೆಂಟು ವರ್ಷದಿಂದ ಊರಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಿರುವವರು ಅವರು. ನೀರು ಬೆರೆಸಿ ತಂದವರು ಯಾರೇ ಇರಲಿ, ಕ್ಯಾನು ವಾಪಸು. ಒಮ್ಮೆ ಸ್ವಂತ ಅಣ್ಣನ ಕ್ಯಾನನ್ನೂ ಸಾಲಿನಿಂದ ಆಚೆ ಇಡಿಸಿದ್ದರು. ಅವರ ಬಾಯಿಂದ ಒಂದು ಸುಳ್ಳು ಬಂದದ್ದನ್ನು ಊರಿನಲ್ಲಿ ಯಾರೂ ಕೇಳಿರಲಿಲ್ಲ.

ಆ ಅಣ್ಣ ನಾಗರಾಜುವೇ ಈಗ ಪಟ್ಟು ಹಿಡಿದಿದ್ದು. ದ್ವಿತೀಯ ಪಿಯುಸಿಯ ಅರ್ಧವಾರ್ಷಿಕದಲ್ಲಿ ಸಹನಳಿಗೆ ರಸಾಯನಶಾಸ್ತ್ರದಲ್ಲಿ ಎಪ್ಪತ್ತಕ್ಕೆ ಇಪ್ಪತ್ತಾರು ಬಂದಿತ್ತು. ಅಂಕಪಟ್ಟಿ ನೋಡಿದ ದೊಡ್ಡಪ್ಪ, “ಐಸ್ಕೂಲ್ಗೇ ಆಟ ಬುಡುಸ್ಬೇಕಿತ್ತು ಕಣ್ಲಾ,” ಎಂದಿದ್ದರು. ಆಗ ಬಿಡಿಸದೆ ಇದ್ದುದಕ್ಕೆ ಕಾರಣ ಒಂದೇ. ಜಿಲ್ಲಾ ತಂಡದಲ್ಲಿ ಆಡಿದ ಹುಡುಗಿಯರಿಗೆ ನಾಗಮಂಗಲದ ಹತ್ತಿರದ ನರ್ಸಿಂಗ್ ಕಾಲೇಜೊಂದರಲ್ಲಿ ಕ್ರೀಡಾ ಕೋಟಾದ ಸೀಟು ಸಿಗುತ್ತದೆ ಎಂಬುದು ಮನೆಯವರೆಲ್ಲರ ನಂಬಿಕೆ. ಆ ಒಂದು ಸೀಟಿನ ಆಸೆಗೆ ಎರಡು ವರ್ಷ ಮನೆ ಸುಮ್ಮನಿತ್ತು.

“ಈ ಕಾಗ್ದಕ್ಕೆ ಸೀಟು ಕೊಡ್ತಾರಾ ಅಂತ ಓಗಿ ಕೇಳ್ಕಂಡು ಬಾ,” ಎಂದಿದ್ದರು ದೊಡ್ಡಪ್ಪ. “ಕೊಡೋದಾದ್ರೆ ಆಡ್ಲಿ. ಇಲ್ಲಾಂದ್ರೆ ಪಾಂಡವಪುರನೂ ಬ್ಯಾಡ, ಏನೂ ಬ್ಯಾಡ.”

ಪಾಂಡವಪುರದಲ್ಲಿ ಭಾನುವಾರ ಜಿಲ್ಲಾ ತಂಡದ ಆಯ್ಕೆ. ತಂದೆ ಸಹಿ ಮಾಡಬೇಕಾದ ಒಪ್ಪಿಗೆ ಪತ್ರ ಖಾಲಿಯಾಗಿ ಅವಳ ಬ್ಯಾಗಿನಲ್ಲಿತ್ತು.

ಬಸ್ಸು ಬಂತು. ಅಪ್ಪ ಹತ್ತಿದರು. ತಿರುಗಿ ನೋಡಲಿಲ್ಲ.

ಅಂದು ಅವಳ ಕಿವಿಗೆ ಪಾಠ ಬೀಳಲಿಲ್ಲ. ಈಗ ಬಸ್ಸಿಳಿದಿರಬಹುದು. ಈಗ ಕಚೇರಿಯ ಕಿಟಕಿಯ ಮುಂದೆ ನಿಂತಿರಬಹುದು. ಆಚೆಯಿಂದ ಗುಮಾಸ್ತರು ಕೊಡುವ ಉತ್ತರವನ್ನು ನೆನೆದಾಗಲೆಲ್ಲ ಗಡಿಯಾರದ ಕಡೆ ನೋಡುತ್ತಿದ್ದಳು.

ಸಂಜೆ ಮೈದಾನಕ್ಕಿಳಿದಾಗ ಇದೇ ಕಡೆಯ ಆಟ ಎಂದುಕೊಂಡಳು. ಖೋ ಬಿದ್ದ ತಕ್ಷಣ ಹಾರಿದಳು. ಕಂಬದ ಬಳಿ ಮೈ ಚೆಲ್ಲಿ ಒಬ್ಬಳನ್ನು ಮುಟ್ಟಿದಳು, ಎದ್ದವಳೇ ಇನ್ನೊಬ್ಬಳನ್ನು. ಮೊಣಕೈ ತರಚಿ ರಕ್ತ ಬಂದದ್ದು ಗೊತ್ತಾಗಲಿಲ್ಲ.

“ಇವತ್ತೇನವ್ವ ಆಗೈತೆ ನಿಂಗೆ?” ಎಂದರು ತರಬೇತಿ ಕೊಡುವ ಕರಿಯಯ್ಯ ಮೇಷ್ಟ್ರು. ಅವಳು ಮತ್ತೆ ಸಾಲಿನಲ್ಲಿ ಹೋಗಿ ಕೂತಳು.

ಮನೆಗೆ ಬಂದಾಗ ಅಪ್ಪ ಇನ್ನೂ ಬಂದಿರಲಿಲ್ಲ. ದೊಡ್ಡಪ್ಪ ಜಗುಲಿಯ ಮೇಲೆ ಕಾದು ಕುಳಿತಿದ್ದರು. ಮುಂದಿನ ಬಸ್ಸಿನಿಂದ ಮಹದೇವಸ್ವಾಮಿ ಇಳಿದು ಬಂದರು. ಕಾಲು ತೊಳೆದುಕೊಂಡರು, ಒಂದು ಚೊಂಬು ನೀರು ಕುಡಿದರು. ಸಹನ ಬಾಗಿಲ ಹಿಂದೆ ನಿಂತಳು.

“ಏನಂದ್ರಲಾ?” ಎಂದರು ದೊಡ್ಡಪ್ಪ.

“ಐತಂತೆ ಕಣಣ್ಣ. ಜಿಲ್ಲೆಗೆ ಆಡಿದ್ರೆ ಸಾಕಂತೆ. ಯಾವ ಕಾರಣಕ್ಕೂ ಆಟ ಬುಡುಸ್ಬ್ಯಾಡಿ ಅಂದ್ರು.”

“ಬರ್ಕೊಟ್ರಾ?”

“ಇಲ್ಲ.” ಅಪ್ಪ ಚೊಂಬನ್ನು ಕೆಳಗಿಟ್ಟರು. “ಯಾಕೆ, ನನ್ ಮಾತು ಸಾಲ್ದಾ?”

ದೊಡ್ಡಪ್ಪ ತಮ್ಮನ ಮುಖವನ್ನೇ ಒಂದು ಗಳಿಗೆ ನೋಡಿದರು. ಆ ಬಾಯಿಂದ ಬಂದ ಮಾತಿಗೆ ಎದುರಾಡುವ ರೂಢಿ ಊರಿನಲ್ಲೇ ಇರಲಿಲ್ಲ. ಟವೆಲು ಕೊಡವಿ ಎದ್ದು ತಮ್ಮ ಮನೆಗೆ ಹೋದರು.

ಅಪ್ಪ ಒಳಗೆ ಬಂದು ಕೈ ಚಾಚಿದರು. ಸಹನ ಒಪ್ಪಿಗೆ ಪತ್ರ ಕೊಟ್ಟಳು. ಅದನ್ನು ಗೋಡೆಗೆ ಒತ್ತಿ ಹಿಡಿದು, ನಿಧಾನವಾಗಿ ಸಹಿ ಹಾಕಿದರು.

“ಬರ್ತಾ ಗ್ರೌಂಡ್ ತಾವ ಇಳ್ದಿದ್ದೆ,” ಎಂದರು ಪತ್ರದಿಂದ ಕಣ್ಣೆತ್ತದೆ. “ಕಾಂಪೌಂಡ್ ಆಚೆ ನಿಂತ್ಕಂಡು ನೋಡ್ದೆ. ಇಷ್ಟು ವರ್ಸದಲ್ಲಿ ಒಂದಿನಾನೂ ನೋಡಿರ್ಲಿಲ್ಲ.”

ಅವಳು ತರಚಿದ ಮೊಣಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

“ಮೊಣಕೈಗೆ ಅರಿಶ್ಣ ಅಚ್ಕೊ. ಕೆಮಿಸ್ಟ್ರಿನೂ ಓದ್ಕೊ ಮಗ. ಆ ಕೋಟಾನೇ ನಂಬ್ಕಂಡು ಕೂರ್ಬ್ಯಾಡ.”

ಸಹನ ತಲೆ ತಗ್ಗಿಸಿದಳು. ಆ ಕಾಲೇಜಿನಲ್ಲಿ ಕ್ರೀಡಾ ಕೋಟಾ ಎಂಬುದು ಎಂದೂ ಇರಲಿಲ್ಲ. ಹೈಸ್ಕೂಲು ಮುಗಿದ ವರ್ಷ ಆಟ ಬಿಡಿಸಿಬಿಡುತ್ತಾರೆಂದು ಹೆದರಿ, ಅದನ್ನು ಹುಟ್ಟಿಸಿ ಮನೆಯವರಿಗೆ ಹೇಳಿದವಳು ಅವಳೇ.