ಸುಟ್ಟ ಊರಿನ ದೀಪ

“ಊದಬ್ಯಾಡೋ ತಮ್ಮಾ!” ಪಕ್ಕದ ಮನೆಯ ಕಾಶವ್ವ ಕೂಗಿದ್ದಕ್ಕೆ, ದೀಪದತ್ತ ಬಾಗಿದ್ದ ಕೋಸ್ತಾಸ್ ಹಾಗೇ ತಡೆದು ನಿಂತ. ಸಾಮಾನೆಲ್ಲ ಲಾರಿ ಸೇರಿತ್ತು. ಬರಿದಾದ ಕೋಣೆಯಲ್ಲಿ ಅವನ ಮುದಿ ತಾಯಿ ಎಲೆನಿ ಮಾತ್ರ ಮೇರಿಯಮ್ಮನ ಪಟದ ಮುಂದೆ ಕುಳಿತು, ಉರಿಯುವ ದೀಪವನ್ನು ಎರಡೂ ಕೈಗಳಿಂದ ಮರೆಮಾಡಿಕೊಂಡಿದ್ದಳು.

“ಅವರು ಶಿಫ್ಟ್ ಆಗೋ ವೃದ್ಧಾಶ್ರಮದಾಗ ದೀಪ ಹಚ್ಚಂಗಿಲ್ಲಂತ, ಅಜ್ಜಿ,” ಎಂದಳು ಕಾಶವ್ವನ ಮೊಮ್ಮಗಳು ನೇಹಾ.

ಕಾಶವ್ವನಿಗೆ ಆ ದೀಪದ ಕಥೆ ಗೊತ್ತಿತ್ತು. ಗ್ರೀಸಿನ ಬೆಟ್ಟದಲ್ಲಿದ್ದ ಎಲೆನಿಯ ಹಳ್ಳಿಯನ್ನು ಯುದ್ಧದಲ್ಲಿ ಸೈನಿಕರು ಸುಟ್ಟ ದಿನ, ಅವಳ ತಾಯಿ ಗುಡಿಯ ದೀಪವನ್ನು ಹೀಗೆಯೇ ಮರೆಮಾಡಿಕೊಂಡು ಗವಿಗೆ ಒಯ್ದಿದ್ದಳಂತೆ. ಬೆಂಕಿ ತಿಂದ ಊರಿನಲ್ಲಿ ಉಳಿದದ್ದು ಆ ಉರಿಯೊಂದೇ. ದೀಪದಿಂದ ದೀಪಕ್ಕೆ ಹತ್ತುತ್ತ ಅದು ಅಮೆರಿಕದ ಈ ಲಿಯಾಂಡರ್ ಊರಿನವರೆಗೂ ಬಂದಿತ್ತು.

ಕಾಶವ್ವ ಸೆರಗಿನ ಮರೆಯಿಂದ ಹಣತೆ ತೆಗೆದು ಮುಂದೆ ಚಾಚಿದಳು. “ನಮ್ಮ ದೇವರ ಜಗಲಿ ಮ್ಯಾಲೆ ಎಲ್ಲವ್ವನ ಮುಂದ ಇಟ್ಕೋತೀನಿ. ನಾ ಇರೋತನಕ ಆರಾಕ ಬಿಡಂಗಿಲ್ಲ. ಹೇಳ ಆಕಿಗೆ.” ನೇಹಾ ಇಂಗ್ಲಿಷಿನಲ್ಲಿ ಹೇಳಿದಳು. ಎಲೆನಿ ಕದಲಲಿಲ್ಲ. ಹೊರಗೆ ಲಾರಿಯ ಹಾರ್ನ್ ಕೂಗಿತು. ಕೊನೆಗೆ ಅವಳ ಬೆರಳುಗಳು ಒಂದಿಷ್ಟೇ ಸರಿದವು. ಹಣತೆಯ ಬತ್ತಿ ಹತ್ತಿಕೊಂಡಿತು. ತೆರೆದ ಬಾಗಿಲಿನಿಂದ ಗಾಳಿ ನುಗ್ಗಿದಾಗ, ಎಲೆನಿಯ ಎರಡೂ ಕೈಗಳು ತನ್ನ ದೀಪವನ್ನು ಬಿಟ್ಟು ಹಣತೆಯ ಸುತ್ತ ಬಂದವು.