ಕ್ಲಚ್ ಇಲ್ಲದ ಕಾಂಟೆಸ್ಸಾ

ಕಾಂಟೆಸ್ಸಾ ಮತ್ತೆ ಅಲ್ಲೇ ನಿಂತಿತ್ತು. ಬನಹಟ್ಟಿಯ ಹೊಸ ಬಡಾವಣೆ, ಅದೇ ರಸ್ತೆ, ಅದೇ ಸ್ಪೀಡ್ ಬ್ರೇಕರ್. ಮೆಕ್ಯಾನಿಕ್ ಗಂಗಾರಾಮ ಬೈಕ್ ನಿಲ್ಲಿಸಿ, ಹಲ್ಲು ಕಚ್ಚಿಕೊಂಡು ಬಾನೆಟ್ ಎತ್ತಿದ. ನಾಲ್ಕು ತಿಂಗಳಲ್ಲಿ ಇದು ಹದಿನಾರನೆಯ ಸಲ.

ಗಾಡಿ ಜಮಖಂಡಿಯ ನಿವೃತ್ತ ಸಬ್ ರಿಜಿಸ್ಟ್ರಾರ್ ರಾಘವೇಂದ್ರರಾಯರದು. ಅವರ ಕಣ್ಣಿನ ಆಪರೇಷನ್ ಆದಮೇಲೆ ಸ್ಟೇರಿಂಗು ಹೆಂಡತಿ ವತ್ಸಲಾಬಾಯಿಯ ಕೈಗೆ ಬಂದಿತ್ತು. ಪ್ರತಿ ಶನಿವಾರ ಇಬ್ಬರೂ ತೇರದಾಳದ ತಮ್ಮನ ಮನೆಗೆ ಊಟಕ್ಕೆ ಹೊರಡುವುದು, ನಡುದಾರಿಯಲ್ಲಿ ಇಲ್ಲಿ ಬಂದ್ ಬೀಳುವುದು, ಹತ್ತಿರದ ಗ್ಯಾರೇಜ್ ಎಂದು ರಬಕವಿಯ ಗಂಗಾರಾಮನಿಗೆ ಫೋನು ಬರುವುದು. "ಬಂದ್ ಬಿದ್ದದ್ರಿ. ಅವಸರ ಏನಿಲ್ಲ, ಸಾವಕಾಶ ಬರ್ರಿ," ಎನ್ನುತ್ತಿದ್ದರು ರಾಯರು. ಇಂಥ ಸಮಾಧಾನದ ಗಿರಾಕಿ ಇಪ್ಪತ್ತೆರಡು ವರ್ಷದಲ್ಲಿ ಗಂಗಾರಾಮನಿಗೆ ಸಿಕ್ಕಿರಲಿಲ್ಲ.

ಅವನಿಗೆ ಸಿಟ್ಟಿದ್ದದ್ದು ಗಾಡಿಯ ಮೇಲೆ. ಪ್ಲಗ್ ಬದಲಿಸಿದ, ಕಾರ್ಬ್ಯುರೇಟರ್ ತೊಳೆದ, ಪೆಟ್ರೋಲ್ ಪಂಪ್ ಹೊಸದು ಹಾಕಿದ. ಅವನು ಕೀ ತಿರುಗಿಸಿದರೆ ಒಂದೇ ಏಟಿಗೆ ಚಾಲೂ. ಮರು ಶನಿವಾರ ಮತ್ತೆ ಅದೇ ಕಥೆ. ಎದುರು ಮನೆಯ ಟೀಚರ್, ಪಾಪ, ಪ್ರತಿ ಸಲ ರೇಡಿಯೇಟರಿಗೆಂದು ಕೊಡದಲ್ಲಿ ನೀರು ತಂದು ನಿಲ್ಲುತ್ತಿದ್ದಳು. ಅವಳ ಕೂಸು ಹಾರ್ನ್ ಒತ್ತಲು ಗಾಡಿಯೊಳಗೇ ನುಗ್ಗುತ್ತಿತ್ತು. ಪಕ್ಕದ ಚಹಾದಂಗಡಿಯ ಪರಸಪ್ಪನಿಗಂತೂ ಇದು ವಾರದ ಮನರಂಜನೆ.

"ಈ ಜಾಗಾದಾಗ ಏನೋ ಐತಿ ಲೇ ಗಂಗ್ಯಾ, ಲಿಂಬಿಹಣ್ಣ ಕಟ್ಟು," ಎಂದು ಪರಸಪ್ಪ ಕೂಗಿದ. ಚಹಾ ಕುಡಿಯುತ್ತಿದ್ದವರು ನಕ್ಕರು.

ಗಂಗಾರಾಮನ ಮೈ ಉರಿಯಿತು. "ಗಾಡಿದೇನೂ ತಪ್ಪಿಲ್ರಿ. ಬಾಯಾರು ಕ್ಲಚ್ ಒಮ್ಮಿಗೇ ಬಿಡತಾರ, ಇಂಜಿನ್ ಬಂದ್ ಬೀಳತೈತಿ. ಗಾಬರಿಯಾಗಿ ಎಕ್ಸಿಲೇಟರ್ ತುಳದು ತುಳದು ಪೆಟ್ರೋಲ್ ತುಂಬಸ್ತಾರ, ಮತ್ತ ಚಾಲೂ ಆಗಂಗಿಲ್ಲ."

"ಹೇಳಿ ಹೇಳಿ ನನಗೂ ಸಾಕಾಗೇದ," ರಾಯರು ಹೆಂಡತಿಯ ಕಡೆ ಕಣ್ಣು ಬಿಟ್ಟರು. "ಇಕಿ ಎಡಗಾಲು ಇಕಿ ಮಾತೇ ಕೇಳೂದಿಲ್ಲ."

ವತ್ಸಲಾಬಾಯಿ ಹಾರ್ನ್ ಒತ್ತುತ್ತಿದ್ದ ಕೂಸನ್ನು ತೊಡೆಯ ಮೇಲೆಳೆದುಕೊಂಡರು.

"ಹಂಗಾರ ಎಡಗಾಲಿನ ಕೆಲಸಾನ ತಗದ್ಬಿಡೂಣ್ರಿ," ಎಂದ ಗಂಗಾರಾಮ. "ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಹಾಕತೇನಿ."

ರಾಯರ ಮುಖ ಸಪ್ಪಗಾಯಿತು. "ಬ್ಯಾಡ ಬಿಡ್ರಿ. ಮೂವತ್ತು ವರ್ಷದ ಗಾಡಿ. ಅದಕ್ಕೆಲ್ಲಿ ಕೂಡತದ?"

"ನನಗೂ ಗೇರಿಂದೇ ರೂಢಿ," ಎಂದರು ವತ್ಸಲಾಬಾಯಿ ಅವಸರದಿಂದ.

ಕೂಡುವುದಿಲ್ಲ ಎಂಬ ಮಾತು ಗಂಗಾರಾಮನಿಗೆ ನಾಟಿತು. ಅದೂ ಪರಸಪ್ಪನ ಎದುರಿಗೆ. "ಕೂಡಿಸಿ ತೋರಸ್ತೇನ್ರಿ! ಆಮ್ಯಾಲ ಈ ಗಾಡಿ ಇಲ್ಲಿ ಒಮ್ಮಿ ಬಂದ್ ಬಿತ್ತಂದ್ರ ನನ್ನ ಗ್ಯಾರೇಜಿನ ಬೋರ್ಡ್ ಇಳಸ್ತೇನಿ!" ಹತ್ತಾರು ಜನರ ನಡುವೆ ಇಂಥ ಮಾತು ಬಂದಮೇಲೆ ರಾಯರಾದರೂ ಏನನ್ನಬೇಕು? ಗೋಣು ಹಾಕಿದರು.

ಈಗ ಗಂಗಾರಾಮನ ಮರ್ಯಾದೆಯೆಲ್ಲ ಒಂದು ಗೇರ್‌ಬಾಕ್ಸಿನ ಮೇಲೆ ನಿಂತಿತ್ತು. ಮೂರು ದಿನ ಕೊಲ್ಹಾಪುರದ ಗುಜರಿ ಅಂಗಡಿಗಳನ್ನು ಜಾಲಾಡಿ, ಕಾಂಟೆಸ್ಸಾದ ಇಂಜಿನ್ನಿಗೆ ಹತ್ತಿರದ ನೆಂಟನಾದ ಒಂದು ಜಪಾನಿ ಆಟೋಮ್ಯಾಟಿಕ್ ಹುಡುಕಿ ತಂದ. ಅದರಲ್ಲಿ ಓವರ್‌ಡ್ರೈವ್ ಬೇರೆ ಇತ್ತು; ಗಾಡಿ ಜೋರು ಓಡಿದರೂ ಇಂಜಿನ್ ಸಾವಕಾಶ ತಿರುಗಿ ಪೆಟ್ರೋಲ್ ಉಳಿಸುವ ಮೇಲಿನ ಗೇರು. ನೆಂಟನಾದರೂ ಅದು ಸಲೀಸಾಗಿ ಕೂಡಲಿಲ್ಲ. ಮಗ್ಗದ ಬಿಡಿಭಾಗ ಮಾಡುವ ಲೇಥಿನ ಕರೆಪ್ಪನನ್ನು ಕಾಡಿ ಬೇಡಿ, ನಡುವೆ ಕೂರುವ ಉಕ್ಕಿನ ತಟ್ಟೆಯೊಂದನ್ನು ಮಾಡಿಸಿದ. ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟನ್ನು ನಾಲ್ಕು ಬೆರಳು ಕತ್ತರಿಸಿ ಬೆಸೆದ. ಕ್ಲಚ್ ಪೆಡಲ್ ಕಿತ್ತು ಮೂಲೆಗೆಸೆದ.

ಹೀಗೆ ಐದು ಶನಿವಾರ ಹೋದವು. ರಾಯರಿಂದ ದಿನಕ್ಕೆರಡು ಫೋನು. "ಆತೇನ್ರಿ? ಆಗದಿದ್ರ ಸುಮ್ಮನ ಹಳೇದನ್ನೇ ಕೂಡಿಸಿ ಕೊಟ್ಟುಬಿಡ್ರಿ." ತನ್ನ ಕೈಗುಣದ ಮೇಲೆ ಇಷ್ಟೂ ಭರವಸೆ ಇಲ್ಲವಲ್ಲ ಎಂದು ಗಂಗಾರಾಮನಿಗೆ ನಿಜಕ್ಕೂ ನೋವಾಯಿತು.

ಆರನೆಯ ಶನಿವಾರ ಗಾಡಿ ಸಿದ್ಧವಾಯಿತು. ವತ್ಸಲಾಬಾಯಿ ಸ್ಟೇರಿಂಗ್ ಹಿಡಿದರು, ರಾಯರು ಪಕ್ಕದಲ್ಲಿ, ಗಂಗಾರಾಮ ಹಿಂದೆ. ಲಿವರ್ ಎಳೆದದ್ದೇ ತಡ, ಕಾಂಟೆಸ್ಸಾ ಬೆಣ್ಣೆ ಜಾರಿದಂತೆ ಹೊರಟಿತು. ಸ್ಪೀಡ್ ಬ್ರೇಕರ್ ಬಂತು. ಚಹಾದಂಗಡಿಯವರೆಲ್ಲ ಎದ್ದು ನಿಂತಿದ್ದರು. ವತ್ಸಲಾಬಾಯಿಯ ಎಡಗಾಲು ಕೆಳಗೆ ಏನನ್ನೋ ತಡಕಾಡಿತು, ಸಿಗಲಿಲ್ಲ. ಗಾಡಿ ಮೆಲ್ಲಗೆ ಹತ್ತಿ, ಮೆಲ್ಲಗೆ ಇಳಿದು, ಕೊಡ ಹಿಡಿದು ನಿಂತಿದ್ದ ಟೀಚರನ್ನು ದಾಟಿ ಮುಂದೆ ಹೋಯಿತು.

ಊರು ದಾಟಿ ಓವರ್‌ಡ್ರೈವ್ ಬಿದ್ದಾಗ ಇಂಜಿನ್ನಿನ ಸದ್ದೇ ಇಲ್ಲ. ಮುಂದೆ ಕೂತಿದ್ದ ಇಬ್ಬರದೂ ಸದ್ದಿಲ್ಲ. ಖುಷಿಗೆ ಬಾಯಿ ಕಟ್ಟಿದೆ ಎಂದುಕೊಂಡ ಗಂಗಾರಾಮ. ಅಂದು ಸಂಜೆ ಪರಸಪ್ಪ ತಾನೇ ಎದ್ದು ಬಂದು ಅವನ ಕೈಗೆ ಚಹಾ ಕೊಟ್ಟ.

ಸೋಮವಾರ ರಾಯರು ಒಬ್ಬರೇ ಬಸ್ಸಿನಲ್ಲಿ ಬಂದಿಳಿದರು. ಶಾಬಾಸ್ ಹೇಳಲು ಬಂದಿರಬೇಕೆಂದು ಗಂಗಾರಾಮ ಓಡಿಹೋಗಿ ಕುರ್ಚಿ ಒರೆಸಿದ.

"ಹಳೇ ಗೇರ್‌ಬಾಕ್ಸ್ ಅದನೋ, ಗುಜರಿಗೆ ಹಾಕೀರೋ?" ಕೇಳಿದರು ರಾಯರು.

"ಐತ್ರಿ. ಯಾಕ್ರಿ?"

"ಅದನ್ನ ತಿರುಗಿ ಹಾಕ್ರಿ."

ಗಂಗಾರಾಮ ಕುರ್ಚಿ ಒರೆಸಿದ ಬಟ್ಟೆಯನ್ನು ಕೆಳಗೆಸೆದ. "ಮತ್ತ ಅಲ್ಲೇ ಬಂದ್ ಬೀಳತೈತಲ್ರಿ ಸಾಹೇಬ್ರ! ನಾ ಬೋರ್ಡ್ ಇಳಸಬೇಕಾಕ್ಕೈತಿ!"

ರಾಯರು ಸುತ್ತ ನೋಡಿ ದನಿ ತಗ್ಗಿಸಿದರು. "ಆ ಟೀಚರ್ ನನ್ನ ಮಗಳು ಗೌತಮಿ ರೀ. ಕೂಸಿಗೆ ನಮ್ಮವ್ವನ ಹೆಸರು ಇಡಲಿಲ್ಲಂತ, ಆ ಮನಿ ಮುಂದ ಗಾಡಿ ನಿಲ್ಲಸೂದಿಲ್ಲಂತ ಆಣಿ ಮಾಡಿ ಕೂತೀನಿ. ನಮ್ಮ ಮನಿಯಾಕಿ ಬೇಕಂತನ ಕ್ಲಚ್ ಬಿಡತಾಳ ಅನ್ನೂದು ಮೊದಲ್ನೇ ಶನಿವಾರನ ನನಗ ಗೊತ್ತಾಗೇದ. ಅದನ್ನ ಮಾತ್ರ ಅಕಿಗೆ ಹೇಳಬ್ಯಾಡ್ರಿ."