ಕಾರಿನ ಒಪ್ಪಿಗೆ

ಕಾರು ಒಪ್ಪದೆ ಅದರ ಬಾನೆಟ್ ತೆಗೆಯುವಂತಿಲ್ಲ ಎಂಬ ಕಾನೂನು ಮಂಗಳೂರಿನಲ್ಲಿ ಬಂದು ಎಷ್ಟೋ ವರ್ಷವಾಗಿತ್ತು. ದಂತವೈದ್ಯೆ ಐರಿನ್ ಲೋಬೊ ಅವರ ದುಬಾರಿ ಹೈಬ್ರಿಡ್ ಕಾರು ಮಾತ್ರ ಒಪ್ಪುತ್ತಲೇ ಇರಲಿಲ್ಲ.

"ಕೂಲೆಂಟ್ ಸೋರಿ ಬ್ಯಾಟರಿ ಹಾಳಾಗಿದೆ ಮೇಡಂ. ಹೊಸತಕ್ಕೆ ಒಂದು ಸಣ್ಣ ಕಾರಿನಷ್ಟು ಖರ್ಚುಂಟು," ಎಂದ ಮೆಕ್ಯಾನಿಕ್ ಸಾಲ್ಯಾನ್.

"ಖರ್ಚು ನಾನು ಕೊಡ್ತೇನೆ. ನಿನಗೇನು ಕಷ್ಟ?" ಎಂದು ಐರಿನ್ ಕಾರನ್ನೇ ಕೇಳಿದರು.

"ನನ್ನೊಳಗೆ ಪೆಟ್ರೋಲ್ ಇಂಜಿನ್ ಕೂಡ ಉಂಟಂತೆ," ಎಂದಿತು ಕಾರು. "ಮನೆ, ಕ್ಲಿನಿಕ್ ಅಂತ ಬ್ಯಾಟರಿಯಲ್ಲೇ ಓಡಿಸಿದ್ರಿ. ಒಮ್ಮೆ ಆ ಇಂಜಿನ್‌ನಲ್ಲಿ ಘಾಟಿ ಹತ್ತಬೇಕು. ಆಮೇಲೆ ಬೇಕಾದ್ದು ಬಿಚ್ಚಿ."

"ಬಿಸಿಯಾಗಿ ಅರ್ಧದಲ್ಲಿ ನಿಂತ್ರೆ ಇಂಜಿನ್ನೂ ಹೋಗ್ತದೆ ಮಾರ್ರೆ!" ಎಂದು ಸಾಲ್ಯಾನ್ ಎಚ್ಚರಿಸಿದ.

ಆದರೆ ಐರಿನ್‌ಗೂ ಕುತೂಹಲ ಹುಟ್ಟಿಬಿಟ್ಟಿತ್ತು. ಅಂದಿನ ರೋಗಿಗಳಿಗೆ ಬೇರೆ ದಿನ ಬರಲು ಹೇಳಿ, ಚಾರ್ಮಾಡಿ ಘಾಟಿಯತ್ತ ಹೊರಟರು. ಮೊದಲ ತಿರುವಿನಲ್ಲೇ ಇಂಜಿನ್ ಕೆಮ್ಮಿತು, ಕಪ್ಪು ಹೊಗೆ ಉಗುಳಿತು. ಐರಿನ್ ಆಕ್ಸಿಲರೇಟರ್ ಒತ್ತಿದರು. ಇಂಜಿನ್ ಗುಡುಗಿತು, ಕಾರು ಮೈನಡುಗಿಸಿಕೊಂಡೇ ತುದಿ ಮುಟ್ಟಿತು.

"ಹೇಗಾಯ್ತು?"

"ಎಷ್ಟು ಗಲಾಟೆ ಮಾಡ್ತದೆ ಇದು!" ಕಾರಿನ ದನಿಯಲ್ಲಿ ಬೆರಗಿತ್ತು. "ನಾಳೆ ಬ್ಯಾಟರಿ ಬದಲಿಸಿ. ಇವತ್ತು ಇನ್ನೂ ಸ್ವಲ್ಪ ಮುಂದೆ ಹೋಗುವ."

ಹಿಂದಿರುಗಲೆಂದು ತಿರುಗಿಸುತ್ತಿದ್ದ ಸ್ಟೀರಿಂಗನ್ನು ಐರಿನ್ ನೇರ ಮಾಡಿದರು.